ಭಾವನ ಮೂಗು ಮತ್ತು ನಾನೂರ ಹನ್ನೆರಡು ಬಾಟಲಿ

ನಮ್ಮ ಭಾವ ಜೀವಮಾನದಲ್ಲಿ ಒಮ್ಮೆಯೂ ಕುಡಿದವರಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳಬಲ್ಲೆ. ಆದರೆ ಈವರೆಗೆ ನಾನೂರ ಹನ್ನೆರಡು ಬಾಟಲಿ ಬ್ರಿಟಿಷ್ ಏಲ್ ಎಂಬ ಮದ್ಯ ಖಾಲಿ ಮಾಡಿದ್ದಾರೆ. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂದು ನೀವು ಕೇಳಿದರೆ, ನೀವಿನ್ನೂ ನಮ್ಮ ಭಾವನನ್ನು ನೋಡಿಲ್ಲ ಎಂದರ್ಥ.

"ಕುಡಿಯೋದು ಬೇರೆ, ಪರೀಕ್ಷೆ ಮಾಡೋದು ಬೇರೆ ಕಣೋ" ಎನ್ನುತ್ತಾರೆ ಅವರು. ಪರೀಕ್ಷೆ ಎಂದರೆ ನಿಜವಾದ ಪರೀಕ್ಷೆಯೇ. ನೂರು ಅಂಕಕ್ಕೆ. ನೊರೆಗೆ ಹತ್ತು, ಬಣ್ಣಕ್ಕೆ ಹತ್ತು, ವಾಸನೆಗೆ ಮೂವತ್ತು, ರುಚಿಗೆ ಮೂವತ್ತು, ಗಂಟಲಲ್ಲಿ ಇಳಿಯುವ ರೀತಿಗೆ ಹತ್ತು. ಉಳಿದ ಹತ್ತು ಯಾವುದಕ್ಕೆ ಗೊತ್ತೇ? ಲೇಬಲ್ಲಿನ ಸಭ್ಯತೆಗೆ! ಪಾಸಾಗಲು ಮೂವತ್ತೈದು ಬೇಕು, ಅರವತ್ತಕ್ಕೆ ಫಸ್ಟ್ ಕ್ಲಾಸ್, ಎಪ್ಪತ್ತೈದಕ್ಕೆ ಡಿಸ್ಟಿಂಕ್ಷನ್. ಒಮ್ಮೆ ಯಾವುದೋ ಬಡಪಾಯಿ ಬಾಟಲಿಗೆ ಮೂವತ್ತನಾಲ್ಕು ಬಂದುಬಿಟ್ಟಿತು. ಭಾವ ಎರಡು ದಿನ ಮಂಕಾಗಿ ಓಡಾಡಿದರು. ಮೂರನೆಯ ದಿನ ಆಫೀಸಿಗೆ ಹೊರಟವರು ಗ್ಯಾರೇಜಿನಿಂದ ವಾಪಸು ಬಂದು, ಅಂಕ ಬರೆಯುವ ಪುಸ್ತಕ ತೆಗೆದು ಒಂದು ಗ್ರೇಸ್ ಮಾರ್ಕ್ ಹಾಕಿ ಹೋದರಂತೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು. ಶಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಮನೆ, ಅಲ್ಲೇ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಲೋಹದ ಸಣ್ಣ ಸಣ್ಣ ಭಾಗಗಳನ್ನು ಅಳೆಯುವುದು, ಅಳತೆ ಬರೆಯುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತಿರಸ್ಕರಿಸುವುದು. ಇಂಥ ಕಡೆ ಇಪ್ಪತ್ತೈದು ವರ್ಷ ದುಡಿದವರ ಕೈಗೆ ಏನು ಸಿಕ್ಕರೂ ಅದು ಪರೀಕ್ಷೆಗೆ ಒಳಗಾಗದೆ ಉಳಿಯುವುದಿಲ್ಲ. ರಾಮನವಮಿಯ ದಿನ ದೇವಸ್ಥಾನದಲ್ಲಿ ಪಾನಕ ಕೊಟ್ಟ ಆಂಟಿಗೆ, "ಎಂಬತ್ತೆಂಟು. ಏಲಕ್ಕಿ ಸ್ವಲ್ಪ ಮುಂದೆ ನಿಂತಿದೆ, ಶುಂಠಿ ಸಂಕೋಚ ಪಡ್ತಿದೆ" ಎಂದರು. ಆಂಟಿ ಆಮೇಲೆ ಪಾನಕದ ಸೇವೆಯನ್ನೇ ಬಿಟ್ಟು ಚಪ್ಪಲಿ ಸ್ಟ್ಯಾಂಡ್ ನೋಡಿಕೊಳ್ಳುವ ಸೇವೆಗೆ ಹೋದರು. ನನ್ನ ಹತ್ತು ವರ್ಷದ ಮಗಳು ಬಿಡಿಸಿದ ನವಿಲಿನ ಚಿತ್ರಕ್ಕೆ ಎಪ್ಪತ್ತನಾಲ್ಕು ಕೊಟ್ಟರು. ಅವಳು ಸೊಂಟದ ಮೇಲೆ ಕೈಯಿಟ್ಟು, "ವೇರ್ ಡಿಡ್ ಐ ಲೂಸ್ ಟ್ವೆಂಟಿ ಸಿಕ್ಸ್?" ಎಂದು ಕೇಳಿದಳು. ಭಾವ ಕುರ್ಚಿ ಎಳೆದುಕೊಂಡು ಕೂತು, ಅರ್ಧ ಗಂಟೆ ಲೆಕ್ಕ ಒಪ್ಪಿಸಿದರು.

ಈ ಏಲಿನ ಹುಚ್ಚು ಹಿಡಿದದ್ದು ಎಂಟು ವರ್ಷದ ಹಿಂದೆ. ಕಂಪನಿಯವರು ತರಬೇತಿಗೆಂದು ಮೂರು ವಾರ ಇಂಗ್ಲೆಂಡಿನ ಒಂದು ಸಣ್ಣ ಊರಿಗೆ ಕಳಿಸಿದ್ದರು. ಸಂಜೆಯಾದರೆ ಆ ಊರಿನಲ್ಲಿ ತೆರೆದಿರುತ್ತಿದ್ದದ್ದು ಒಂದು ಪಬ್. ಆ ಪಬ್ಬಿನಲ್ಲಿ ಸಸ್ಯಾಹಾರ ಎಂದು ಸಿಗುತ್ತಿದ್ದದ್ದು ಬೆಂದ ಆಲೂಗಡ್ಡೆ. ಮೂರನೆಯ ಸಂಜೆ ಒಣ ಆಲೂಗಡ್ಡೆ ಗಂಟಲಲ್ಲಿ ಸಿಕ್ಕಿಕೊಂಡು ಭಾವನ ಕಣ್ಣು ಮೇಲಾಗಿದ್ದಾಗ ಪಕ್ಕದ ಮೇಜಿನ ಮುದುಕನೊಬ್ಬ ತನ್ನ ಲೋಟವನ್ನು ಮುಂದಕ್ಕೆ ತಳ್ಳಿದ. ಭಾವ ಗಟಗಟ ಕುಡಿದರು. ಆಲೂಗಡ್ಡೆ ಇಳಿಯಿತು, ಜೀವ ಉಳಿಯಿತು, ಜೊತೆಗೆ ನಾಲಿಗೆಯ ಮೇಲೆ ಏನೋ ಉಳಿಯಿತು. ಹುರಿದ ರಾಗಿಯಂಥದ್ದು, ಪಾಕ ತಳ ಹಿಡಿಯುವ ಮುಂಚಿನ ಬೆಲ್ಲದಂಥದ್ದು. ಅದು ಏನೆಂದು ಕಂಡುಹಿಡಿಯಲು ಮರುದಿನವೂ ಹೋದರು. ಏಲ್ ಕುಡಿದದ್ದನ್ನು ಅಕ್ಕನಿಗೆ ಫೋನಿನಲ್ಲೇ ಒಪ್ಪಿಕೊಂಡರು. ಆದರೆ ಅದು ಆ ಮುದುಕನ ಎಂಜಲು ಎಂಬುದನ್ನು ಮಾತ್ರ ಈವರೆಗೆ ಹೇಳಿಲ್ಲ. ಅಕ್ಕ ಇದನ್ನು ಓದಿದರೆ ಮುಂದಿನದು ಅವರಿಬ್ಬರಿಗೆ ಸೇರಿದ್ದು.

ಏಲ್ ಎಂದರೆ ಬಿಯರಿನ ಕುಲದ್ದೇ. ಹಾಗೆಂದು ಭಾವನ ಎದುರು ಬಿಯರ್ ಎನ್ನಬೇಡಿ, ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅಮೆರಿಕದವರು ಐಸಿನಂತೆ ಕೊರೆಯುವ ಬಿಯರನ್ನು ಕ್ಯಾನಿನಿಂದ ನೇರ ಬಾಯಿಗೆ ಸುರಿದುಕೊಳ್ಳುವುದನ್ನು ಕಂಡರೆ ಅವರಿಗೆ ಪರಮ ಕನಿಕರ. ಬ್ರಿಟಿಷ್ ಏಲನ್ನು ಐವತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಮುಟ್ಟಬೇಕು. ಅದಕ್ಕಾಗಿ ಬೇಸ್‌ಮೆಂಟಿನಲ್ಲಿ ಮೂರು ಥರ್ಮಾಮೀಟರ್ ನೇತುಹಾಕಿದ್ದಾರೆ. ಒಂದು ಕೆಟ್ಟರೆ ಇನ್ನೊಂದು. ಎರಡೂ ಜಗಳವಾಡಿದರೆ ತೀರ್ಪು ಹೇಳಲು ಮೂರನೆಯದು. ಕೆಲವು ಬಾಟಲಿಗಳ ತಳದಲ್ಲಿ ಗಸಿ ನಿಂತಿರುತ್ತದೆ. ಅದು ಕದಡಿದರೆ ಪರೀಕ್ಷೆ ರದ್ದು. ಹೀಗಾಗಿ ಬಾಟಲಿ ತೆರೆಯುವ ಎರಡು ದಿನ ಮುಂಚಿನಿಂದ ಮನೆಯಲ್ಲಿ ಯಾರೂ ಕಾಲು ಕುಟ್ಟಿ ನಡೆಯುವಂತಿಲ್ಲ. ಅಕ್ಕ ಲಿವಿಂಗ್ ರೂಮಿನಲ್ಲಿ ಝುಂಬಾ ನೃತ್ಯ ಮಾಡುವುದನ್ನು ನಿಲ್ಲಿಸಿದ್ದು ಮಂಡಿನೋವಿನಿಂದ ಎಂದು ಎಲ್ಲರೂ ತಿಳಿದಿದ್ದಾರೆ. ಅಲ್ಲ.

ವಾರಕ್ಕೆ ಒಂದೇ ಬಾಟಲಿ, ಶನಿವಾರ ಸಂಜೆ ನಾಲ್ಕಕ್ಕೆ. ಒಂದು ಬಾಟಲಿ ಮುಗಿಯಲು ಒಂದೂವರೆ ಗಂಟೆ ಬೇಕು. ಅದರಲ್ಲಿ ಒಂದು ಗಂಟೆ ಬರೀ ಮೂಸುವುದಕ್ಕೆ. ಲೇಬಲ್ಲಿನ ಹೆಸರುಗಳನ್ನು ಅವರು ಕನ್ನಡಕ್ಕೆ ತಂದುಕೊಂಡಿದ್ದಾರೆ: 'ಪಾದ್ರಿಯ ಛತ್ರಿ', 'ಕುಂಟು ಬಾತು', 'ಅಜ್ಜಿಯ ಉಯಿಲು'. ಷರಾಗಳೂ ಕನ್ನಡದಲ್ಲೇ. 'ಪಾದ್ರಿಯ ಛತ್ರಿ'ಯ ಎದುರು ಬರೆದದ್ದು ಇದು: "ಮೊದಲಿಗೆ ಕಿತ್ತಳೆ ಸಿಪ್ಪೆ. ಆಮೇಲೆ ಹಾಗಲಕಾಯಿ ಗೊಜ್ಜು. ಕೊನೆಯಲ್ಲಿ ಬೀಗ ಹಾಕಿದ್ದ ಗ್ರಂಥಾಲಯದ ಬಾಗಿಲು ತೆರೆದಂತೆ. ಎಪ್ಪತ್ತೊಂಬತ್ತು."

ಅಕ್ಕನಿಗೆ ಈ ವಾಸನೆ ಆಗುವುದಿಲ್ಲ. ಅವಳು ಗಂಡನೊಂದಿಗೆ ಜಗಳವಾಡಲಿಲ್ಲ, ಕರಾರು ಮಾಡಿಕೊಂಡಳು. ಬಾಟಲಿ ಬೇಸ್‌ಮೆಂಟ್ ಬಿಟ್ಟು ಮೇಲೆ ಬರಕೂಡದು, ಲೋಟ ಅಡುಗೆಮನೆಯ ಸಿಂಕಿಗೆ ಬೀಳಕೂಡದು, ಬಾಟಲಿ ತೆರೆದಿರುವಾಗ ತಾನು ಮೆಟ್ಟಿಲಿಳಿಯುವುದಿಲ್ಲ. ಎಂಟು ವರ್ಷ ಶನಿವಾರದ ಸಂಜೆಗಳಲ್ಲಿ ಅವರ ಸಂಸಾರ ನಡೆದದ್ದು ಮೆಟ್ಟಿಲ ಮೇಲೆ. ಭಾವ ಕೆಳಗಿನಿಂದ ಷರಾ ಓದುತ್ತಿದ್ದರು, ಅಕ್ಕ ಮೇಲಿನಿಂದ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು, "ಆಯ್ತು, ಬೇಗ ಮುಗ್ಸಿ ಬನ್ನಿ, ಪಲ್ಯ ಆರ್ತಿದೆ" ಎನ್ನುತ್ತಿದ್ದಳು.

ಇನ್ನು ಗ್ರಹಾಂ ವಿಷಯ. ಇಂಗ್ಲೆಂಡಿನಿಂದ ಬಹಳ ಹಿಂದೆ ಡೆಟ್ರಾಯಿಟ್ ಕಡೆಗೆ ಬಂದು, ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮುದುಕ. ಅಲ್ಲೇ ಪಕ್ಕದ, ನಾವಿರುವ ಟ್ರಾಯ್‌ನಲ್ಲಿ ನಮ್ಮ ಮನೆಯಿಂದ ಮೂರು ಮೈಲಿ ದೂರದಲ್ಲಿದ್ದಾನೆ. ಅವನ ಗ್ಯಾರೇಜಿನಲ್ಲಿ ವರ್ಷಕ್ಕೊಮ್ಮೆ, ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ, ಏಲ್ ಪ್ರಿಯ ಮುದುಕರು ಹತ್ತು ಹನ್ನೆರಡು ಜನ ಸೇರಿ ಅಂಕ ಹಾಕುತ್ತಾರೆ. ಬಾಟಲಿಗಳನ್ನು ಕಾಗದದ ಚೀಲದಲ್ಲಿ ಮುಚ್ಚಿ ಬರೀ ನಂಬರು ಬರೆದಿರುತ್ತಾರೆ. ಭಾವನ ಕೀರ್ತಿ ಹೇಗೋ ಅಂತರ್ಜಾಲದ ಮೂಲಕ ಅಲ್ಲಿಗೆ ಮುಟ್ಟಿ, ಐದು ವರ್ಷದಿಂದ ಅವರೇ ಅಲ್ಲಿಯ ಮುಖ್ಯ ಪರೀಕ್ಷಕರು.

ಎಲ್ಕ್ ಗ್ರೋವ್‌ನಿಂದ ಟ್ರಾಯ್‌ಗೆ ಸುಮಾರು ಮುನ್ನೂರು ಮೈಲಿ. ಭಾವ ತಮ್ಮ ಪಾಲಿನ ಬಾಟಲಿಗಳನ್ನು ತರುವ ರೀತಿ ನೋಡಬೇಕು. ಮುಂದಿನ ಸೀಟು ಬಾಟಲಿಗಳಿಗೆ, ಸೀಟ್‌ಬೆಲ್ಟ್ ಸಮೇತ. ಅಕ್ಕ ಹಿಂದೆ. ಹೊರಡುವ ಮುನ್ನ ನನಗೆ ಫೋನ್ ಮಾಡಿ ನಮ್ಮ ಬಡಾವಣೆಯಲ್ಲಿ ಹೊಸದಾಗಿ ಎಲ್ಲಾದರೂ ಹಂಪ್ ಹಾಕಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಡೆಟ್ರಾಯಿಟ್ ಶಿಕಾಗೋಗಿಂತ ಒಂದು ಗಂಟೆ ಮುಂದಲ್ಲವೇ? ನಮ್ಮ ಮನೆಯಲ್ಲಿ ಬಾಟಲಿ ತೆರೆಯಬೇಕಾದರೆ ಐದು ಗಂಟೆಗೆ ತೆರೆಯುತ್ತಾರೆ. ಏಲ್‌ಗೆ ಜೆಟ್‌ಲ್ಯಾಗ್ ಆಗಬಾರದಂತೆ!

ಹೋದ ಅಕ್ಟೋಬರಿನಲ್ಲೂ ಹಾಗೇ ಬಂದರು. ಗ್ರಹಾಂನ ಮನೆಗೆ ಕಾರು ಓಡಿಸಲು ಈ ಸಲ ನಾನು ಜೊತೆಗೆ ಹೋದೆ. ಆರು ಬಾಟಲಿ ಮೂಸಿ ನೋಡುವವರು ಡ್ರೈವ್ ಮಾಡಬಾರದಲ್ಲ. ಕುಡಿಯದ ನನಗೂ ಗ್ರಹಾಂ ಒಂದು ಸ್ಟೂಲು ಕೊಟ್ಟು ಭಾವನ ಪಕ್ಕದಲ್ಲೇ ಕೂರಿಸಿದ.

ಈ ಕೂಟದಲ್ಲಿ ಗ್ರಹಾಂನದೊಂದು ತುಂಟಾಟವಿದೆ. ಪ್ರತಿ ವರ್ಷ ಒಂದು ಬಾಟಲಿಯನ್ನು ಅವನು ಬೇಕೆಂದೇ ಕೆಡಿಸುತ್ತಾನೆ. ಬಿಳಿ ಗಾಜಿನ ಬಾಟಲಿಯನ್ನು ವಾರಗಟ್ಟಲೆ ಕಿಟಕಿಯ ಬಿಸಿಲಿನಲ್ಲಿಟ್ಟರೆ ಏಲ್ ಕೆಟ್ಟು ಸ್ಕಂಕಿನ ವಾಸನೆ ಬರುತ್ತದೆ. ಸ್ಕಂಕ್ ಎಂದರೆ ಇಲ್ಲಿಯ ಹಿತ್ತಿಲುಗಳಲ್ಲಿ ಓಡಾಡುವ, ಹೆದರಿದರೆ ಊರೆಲ್ಲ ನಾರುವಂತೆ ಮಾಡುವ ಒಂದು ಸಣ್ಣ ಪ್ರಾಣಿ. ಪರೀಕ್ಷಕರನ್ನೇ ಪರೀಕ್ಷೆ ಮಾಡುವ ಬಾಟಲಿ ಇದು. ಹಿಂದಿನ ವರ್ಷಗಳಲ್ಲಿ ಮುಚ್ಚಳ ಪೂರ್ತಿ ಬಿಚ್ಚುವ ಮೊದಲೇ ಭಾವ ದೂರದಿಂದ ಕೈಯೆತ್ತಿ, "ಇದನ್ನು ಆಚೆ ಇಡಿ" ಎನ್ನುತ್ತಿದ್ದರಂತೆ. ಮುದುಕರೆಲ್ಲ ಚಪ್ಪಾಳೆ ತಟ್ಟುತ್ತಿದ್ದರಂತೆ.

ಈ ಸಲ ಐದನೆಯ ಬಾಟಲಿ ತೆರೆದಾಗ, ಏಲಿನ ಗಂಧಗಾಳಿ ಇಲ್ಲದ ನಾನೇ ಸ್ಟೂಲು ಹಿಂದಕ್ಕೆ ಜರುಗಿಸಿದೆ. ಗ್ಯಾರೇಜಿನವರೆಲ್ಲ ನಗುವನ್ನು ತಡೆದುಕೊಂಡು ಭಾವನ ಕಡೆ ನೋಡಿದರು. ಭಾವ ಲೋಟವನ್ನು ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ಒಂದು ಗುಟುಕು ಕುಡಿದರು. ಸಾವಕಾಶವಾಗಿ ಬರೆದರು: ಎಂಬತ್ತೊಂದು.

ನಗು ನಿಂತುಹೋಯಿತು. ಯಾರೋ ಕೆಮ್ಮಿದರು. ಗ್ರಹಾಂ ಎದ್ದು ಬಂದು ಭಾವನ ಹಾಳೆಯನ್ನು ನೋಡಿದ. ಒಂದು ಕ್ಷಣ ಅಷ್ಟೇ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಜೇಬಿಗಿಟ್ಟುಕೊಂಡು, ಈ ವರ್ಷ ಬಿಸಿಲು ಸಾಲಲಿಲ್ಲ, ಬಾಟಲಿ ಸರಿಯಾಗಿ ಕೆಡಲೇ ಇಲ್ಲ, ಐದನೆಯದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ ಎಂದು ಎಲ್ಲರಿಗೂ ಹೇಳಿದ. ಗ್ಯಾರೇಜ್ ತುಂಬ ನಾರುತ್ತಿತ್ತು. ಹನ್ನೊಂದು ಮಂದಿ ಮುದುಕರು ಹೌದು ಹೌದು ಎಂದು ತಲೆಯಾಡಿಸಿದರು.

ವಾಪಸು ಬರುವಾಗ ಎರಡು ಸಿಗ್ನಲ್ ದಾಟಿದೆವು. ಆಮೇಲೆ ಭಾವ ಕೇಳಿದರು: "ಐದನೇದು ಕೆಟ್ಟಿತ್ತಾ?"

"ಸ್ವಲ್ಪ ಇತ್ತೇನೋ ಭಾವ. ನಂಗೆಲ್ಲಿ ಗೊತ್ತಾಗತ್ತೆ?"

"ಸುಳ್ಳು ರೀಡಿಂಗ್ ಕೊಡಬೇಡ. ಎಷ್ಟು ಕೆಟ್ಟಿತ್ತು?"

"ನಾಲ್ಕು ಸ್ಕಂಕ್ ಬಂದು ಪಕ್ಕದಲ್ಲಿ ಕೂತ ಹಾಗಿತ್ತು."

ಅವರು ಕಾರು ನಿಲ್ಲಿಸಲು ಹೇಳಿದರು. ಒಂದು ಅಂಗಡಿಯ ಪಾರ್ಕಿಂಗ್ ಲಾಟಿಗೆ ತಿರುಗಿಸಿದೆ. ಭಾವ ಗ್ಲೋವ್ ಬಾಕ್ಸನ್ನೇ ನೋಡುತ್ತಾ ನಿಧಾನವಾಗಿ ಎಲ್ಲವನ್ನೂ ಹೇಳಿದರು. ಜನವರಿಯಲ್ಲಿ ಒಂದು ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಕಾಫಿ ಇಲ್ಲ, ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ. ನಾಲಿಗೆಗೆ ಸಿಹಿ, ಕಹಿ, ಹುಳಿ, ಉಪ್ಪು ತಿಳಿಯುತ್ತದೆ, ಅಷ್ಟೇ. ಗುಟ್ಟಾಗಿ ಹೋಗಿ ತೋರಿಸಿದ್ದರು. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರಂತೆ ಡಾಕ್ಟರು. ಅಂದಿನಿಂದ ಪ್ರತಿ ಶನಿವಾರ ಲೇಬಲ್ ನೋಡಿ, ಹಳೆಯ ಪುಟಗಳನ್ನು ತಿರುವಿ, ಅಂದಾಜಿನ ಮೇಲೆ ಷರಾ ಬರೆಯುತ್ತಿದ್ದಾರೆ.

"ಮೂವತ್ತೆಂಟು ವಾರ ಕಣೋ. ನಮ್ಮ ಫ್ಯಾಕ್ಟ್ರಿಲಿ ಒಬ್ಬ ಒಂದೇ ಒಂದು ಸುಳ್ಳು ರೀಡಿಂಗ್ ಬರೆದ ಅಂತ ನಾನೇ ಅವನನ್ನ ಕೆಲಸದಿಂದ ತೆಗೆಸಿದ್ದೆ."

ಹಾಗಾದರೆ ಗ್ರಹಾಂನ ಕರೆಗೆ ಒಪ್ಪಿದ್ದಾದರೂ ಏಕೆ ಎಂದು ಕೇಳಿದೆ. ಗ್ಯಾರೇಜಿನಲ್ಲಿ, ಆ ಮುದುಕರ ನಡುವೆ, ಹಳೆಯ ಅಭ್ಯಾಸದಿಂದ ಅದು ತಾನಾಗಿಯೇ ವಾಪಸು ಬಂದುಬಿಡಬಹುದು ಎಂದುಕೊಂಡಿದ್ದರಂತೆ. ಇದನ್ನು ಹೇಳುವಾಗ ಅವರಿಗೇ ನಾಚಿಕೆಯಾಯಿತು. ಅಕ್ಕನಿಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡರು. ಅವಳು ಅಡುಗೆ ಮಾಡಿ ಬಡಿಸಿ, ಮೊದಲ ತುತ್ತಿಗೆ ತಮ್ಮ ಮುಖ ನೋಡುತ್ತಾಳೆ. ಒಂಬತ್ತು ತಿಂಗಳಿಂದ ಅವಳ ಹುಳಿಗೆ ತಪ್ಪದೆ ತೊಂಬತ್ತು ಕೊಡುತ್ತಿದ್ದಾರೆ. ಅವಳಿಗೆ ಒಂದಿಷ್ಟೂ ಅನುಮಾನ ಬಂದಿಲ್ಲವಂತೆ.

ಮನೆಗೆ ಬಂದ ಮೇಲೆ ಭಾವ ಮಹಡಿಗೆ ಹೋಗಿ ಮಲಗಿದರು. ಮಾತು ಕೊಟ್ಟಿದ್ದ ನಾನು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದ ಅಕ್ಕನ ಎದುರು ಸುಮ್ಮನೆ ನಿಂತೆ. ನನ್ನ ಮುಖ ಮೊದಲಿನಿಂದಲೂ ಗುಟ್ಟು ಇಟ್ಟುಕೊಳ್ಳುವಂಥದ್ದಲ್ಲ.

"ಮೂಗಿನ ವಿಷ್ಯ ಹೇಳಿದ್ರಾ?" ಎಂದಳು ಅಕ್ಕ, ಬೀನ್ಸಿನಿಂದ ತಲೆ ಎತ್ತದೆ.

ಅವಳಿಗೆ ಮಾರ್ಚಿನಲ್ಲೇ ಗೊತ್ತಾಗಿತ್ತು. ಒಲೆಯ ಮೇಲೆ ಹಾಲಿಟ್ಟು ಫೋನಿನಲ್ಲಿ ಮಾತಾಡುತ್ತಾ ಮೈಮರೆತಿದ್ದಳು. ಬಂದು ನೋಡಿದರೆ ಪಾತ್ರೆ ಕಪ್ಪಾಗಿ ಮನೆಯೆಲ್ಲ ಸೀದ ವಾಸನೆ. ಎರಡು ಮಾರು ದೂರದಲ್ಲಿ ಒಲೆಗೆ ಬೆನ್ನು ಮಾಡಿ ಕೂತಿದ್ದ ಭಾವ ನಿಶ್ಚಿಂತೆಯಿಂದ ಪೇಪರ್ ಓದುತ್ತಿದ್ದರು. ಅವಳು ಕಿಟಕಿ ತೆರೆದು, ಪಾತ್ರೆಯನ್ನು ಹಿತ್ತಿಲಿಗೆ ಒಯ್ದಿಟ್ಟಳು. ಮರುವಾರ ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಅಲಾರ್ಮ್ ಹಾಕಿಸಿ, ಇದು ಇನ್ಶೂರೆನ್ಸಿನವರ ಕಾನೂನು ಎಂದು ಗಂಡನಿಗೆ ಹೇಳಿದಳು. ತೊಂಬತ್ತು ಅಂಕಗಳನ್ನು ಪ್ರತಿದಿನ ತೆಗೆದುಕೊಂಡಳು.

"ಮೊದಲೆಲ್ಲ ಹುಳಿಗೆ ಅರವತ್ತೆಂಟಕ್ಕಿಂತ ಜಾಸ್ತಿ ಯಾವತ್ತು ಕೊಟ್ಟಿದ್ರು? ತೊಂಬತ್ತು ಬಂದಾಗ್ಲೆಲ್ಲ ಆ ಅರವತ್ತೆಂಟೇ ವಾಪಸ್ ಬರಲಿ ಅನ್ಸತ್ತೆ" ಎಂದಳು. ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಅವರಾಗಿ ಹೇಳಲಿ ಎಂದು ಕಾದಿದ್ದಾಳಂತೆ. ಅವರು ಹೇಳಲಿಲ್ಲ.

ಮರುದಿನ ಭಾನುವಾರ. ಮಧ್ಯಾಹ್ನದ ಊಟಕ್ಕೆ ಕೂತಾಗ ಭಾವ, ಯಾರ ಮುಖವನ್ನೂ ನೋಡದೆ, ಇನ್ನು ಈ ಏಲ್ ಸಹವಾಸ ಸಾಕೆಂದು ಪ್ರಕಟಿಸಿದರು. ವಯಸ್ಸಾಯಿತು, ಬೇಸರ ಬಂತು, ಕಾರಿನಲ್ಲಿ ಉಳಿದಿರುವ ಬಾಟಲಿಗಳನ್ನು ಹೊರಡುವ ಮುನ್ನ ಗ್ರಹಾಂಗೆ ಕೊಟ್ಟುಬಿಡುತ್ತೇನೆ, ಪುಸ್ತಕವನ್ನೂ ಅವನೇ ಇಟ್ಟುಕೊಳ್ಳಲಿ. ಎಂಟು ವರ್ಷ ಇದಕ್ಕಾಗಿ ದೇವರಿಗೆ ತುಪ್ಪದ ದೀಪ ಹಚ್ಚಿದ ಅಕ್ಕ ಈಗ ಹಿಗ್ಗಬೇಕಿತ್ತಲ್ಲವೇ? ಮಜ್ಜಿಗೆ ಬಡಿಸುತ್ತಿದ್ದವಳು ಪಾತ್ರೆ ಕೆಳಗಿಟ್ಟು, ಕಾರಿನ ಕೀ ತೆಗೆದುಕೊಂಡು ಹೊರಗೆ ಹೋದಳು. ಒಂದು ಬಾಟಲಿಯನ್ನು ಎರಡೂ ಕೈಯಲ್ಲಿ ನೇರವಾಗಿ ಹಿಡಿದು, ಒಂದು ಚೂರೂ ಅಲುಗಾಡಿಸದೆ ತಂದಳು. ಭಾವನ ಪುಸ್ತಕ ಕಂಕುಳಲ್ಲಿತ್ತು.

"ಬನ್ನಿ ಕೆಳಗೆ" ಎಂದಳು.

ನಮ್ಮ ಬೇಸ್‌ಮೆಂಟಿನಲ್ಲಿ ವಾಷಿಂಗ್ ಮೆಷಿನ್ನು, ಮಗಳ ಹಳೆಯ ಆಟಿಕೆಗಳು, ಒಂದು ಮಡಿಸುವ ಮೇಜು, ಎರಡು ಕುರ್ಚಿ. ಅಕ್ಕ ಒಂದರಲ್ಲಿ ಕೂತಳು. ನಾನು ಮೆಟ್ಟಿಲ ಮೇಲೆ ನಿಂತೆ. ಭಾವ ಏನೂ ಅರ್ಥವಾಗದವರಂತೆ, ಅಭ್ಯಾಸಬಲದಿಂದ, ಗಸಿ ಕದಡದ ಹಾಗೆ ಲೋಟಕ್ಕೆ ಸುರಿದರು. ಅಕ್ಕ ಕೈಚಾಚಿ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು. ದುಪಟ್ಟಾ ಹೆಗಲ ಮೇಲೆಯೇ ಇತ್ತು. ಬಗ್ಗಿ, ಲೋಟದೊಳಗೆ ಮೂಗಿಟ್ಟಳು.

"ಬರ್ಕೊಳ್ಳಿ. ಬೆಲ್ಲ. ತಳ ಹಿಡ್ದಿರೋದು."

ಭಾವ ಅವಳನ್ನೇ ನೋಡಿದರು. ಗೊತ್ತಿದೆಯೇ ಎಂದು ಕೇಳಲಿಲ್ಲ, ಯಾವಾಗಿನಿಂದ ಎಂದೂ ಕೇಳಲಿಲ್ಲ. ಪೆನ್ನು ಹುಡುಕಲು ಮಾತ್ರ ಬಹಳ ಹೊತ್ತು ಬೇಕಾಯಿತು. ಅದು ಅವರ ಜೇಬಿನಲ್ಲೇ ಇತ್ತು.

"ಆಮೇಲೆ?" ಎಂದರು.

"ಒದ್ದೆ ಗೋಣಿಚೀಲ. ಆಮೇಲೆ... ರಾಗಿ. ನಿಮ್ಮಮ್ಮ ರಾಗಿ ಹುರಿಯೋಕೆ ಬಾಣಲೆ ಇಟ್ಟು, ಇನ್ನೇನು ಘಂ ಅನ್ನೋ ಹೊತ್ತಲ್ಲಿ ಬರ್ತಿತ್ತಲ್ಲ, ಅದು."

"ಕಿತ್ತಳೆ ಸಿಪ್ಪೆ ಇದ್ಯಾ?"

ಅಕ್ಕ ಮತ್ತೊಮ್ಮೆ ಮೂಸಿದಳು. "ಇಲ್ಲ. ನಿಮಗೆ ಇರಲಿ ಅನ್ಸಿದ್ರೆ ಬರ್ಕೊಳ್ಳಿ. ಆದ್ರೆ ಇಲ್ಲ."

ಭಾವ ಮುಖ ಎತ್ತಿದರು. ಒಂಬತ್ತು ತಿಂಗಳಲ್ಲಿ ಮೊದಲ ಸಲ ಒಂದು ನಿಜವಾದ ರೀಡಿಂಗ್ ಸಿಕ್ಕಿತ್ತು. 'ಕಿತ್ತಳೆ ಇಲ್ಲ' ಎಂದು ಬರೆದು, ಅಡಿಗೆರೆ ಎಳೆದರು. ಆಮೇಲೆ ಕೆಲಸ ಹಂಚಿಕೆಯಾಯಿತು. ಮೂಗು ಅವಳದು, ನಾಲಿಗೆ ಇವರದು. ಕಹಿ ಎಷ್ಟು, ಸಿಹಿ ಎಷ್ಟು ಎಂದು ಇವರು ಒಂದೊಂದು ಗುಟುಕು ಹೀರಿ ಹೇಳಿದರು. ಉಳಿದದ್ದನ್ನೆಲ್ಲ ಅವಳು ಹೇಳಿದಳು. ನಡುವೆ ಒಮ್ಮೆ ಅಕ್ಕ ಕೇಳಿದಳು, "ನಾನು ಹೇಳಿದ್ದನ್ನೆಲ್ಲ ಸುಮ್ನೆ ಬರ್ಕೋತಿದೀರಲ್ಲ, ಸರಿಯೋ ತಪ್ಪೋ ಹೇಗೆ ಗೊತ್ತಾಗತ್ತೆ ನಿಮಗೆ?"

ಭಾವ ಬರೆಯುತ್ತಲೇ ಹೇಳಿದರು: "ಮೂವತ್ತು ವರ್ಷದಿಂದ ನಿನ್ನ ಮೂಗನ್ನ ನಂಬ್ಕೊಂಡೇ ಅಲ್ವೇನೇ ನಾನು ಊಟ ಮಾಡಿರೋದು?"

ಅಕ್ಕ ಮತ್ತೆ ಬಗ್ಗಿ ಲೋಟಕ್ಕೆ ಮೂಗಿಟ್ಟಳು. ಈ ಸಲ ಅಲ್ಲೇ ಸ್ವಲ್ಪ ಹೆಚ್ಚು ಹೊತ್ತು ಇದ್ದಳು. ಭಾವ ಪೆನ್ನು ಹಿಡಿದು ಕಾಯುತ್ತಾ ಕೂತರು.